‘ನಮ್ಮ ತಂದೆಯೇ’ ಎನ್ನಲಾಗದ ಮಗ: ಒಂದು ಕುಟುಂಬದ ಪ್ರಕರಣ

ಚರ್ಚಿನ ಪೂಜೆಯಲ್ಲಿ ಇಡೀ ದೇವಾಲಯ ಎದ್ದು ನಿಂತು, ಯೇಸು ಕಲಿಸಿದ ಪ್ರಾರ್ಥನೆಯನ್ನು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಆರಂಭಿಸಿದಾಗ ಒಬ್ಬರ ಬಾಯಿ ಮುಚ್ಚಿರುತ್ತಿತ್ತು. ‘ನಿಮ್ಮ ನಾಮವು’ ಎಂಬಲ್ಲಿಗೆ ಬಂದ ಮೇಲೆ ದನಿ ಸೇರಿಕೊಳ್ಳುತ್ತಿತ್ತು. ಪಕ್ಕದಲ್ಲಿ ನಿಲ್ಲುವ ಹೆಂಡತಿ ಇದನ್ನು ಮದುವೆಯಾದ ಹೊಸದರಲ್ಲೇ ಗಮನಿಸಿದ್ದರು. ತಡವಾಗಿ ಶುರು ಮಾಡುವುದು ಗಂಡನ ಅಭ್ಯಾಸವೇನೋ ಎಂದುಕೊಂಡು ಸುಮ್ಮನಿದ್ದರು. ಹನ್ನೆರಡು ವರ್ಷ ಕಳೆದ ಮೇಲೆ, ನನ್ನೆದುರು ಬಂದು ಕುಳಿತಾಗ, ಮೊದಲು ಹೇಳಿದ್ದು ಅದನ್ನೇ. ಗಂಡ ತಲೆ ಎತ್ತಲಿಲ್ಲ.

ಮೈಸೂರಿನ ಒಂದು ಕಥೋಲಿಕ ಧರ್ಮಕೇಂದ್ರದಲ್ಲಿ ವಾರಕ್ಕೆರಡು ಸಂಜೆ ಕುಟುಂಬಗಳ ಜೊತೆ ಕುಳಿತು ಮಾತನಾಡುವ ಕೆಲಸ ನನ್ನದು. ಧರ್ಮಗುರುವಲ್ಲ, ವೈದ್ಯಳಲ್ಲ, ಆಪ್ತಸಮಾಲೋಚನೆಯಲ್ಲಿ ತರಬೇತಿ ಪಡೆದ ಗೃಹಿಣಿ. ಈ ಪ್ರಕರಣವನ್ನು ಬರೆಯಲು ಆ ಮನೆಯವರು ಒಪ್ಪಿಗೆ ಕೊಟ್ಟಿದ್ದಾರೆ. ಹೆಸರುಗಳನ್ನು ಬಿಟ್ಟಿದ್ದೇನೆ, ಗುರುತು ಹತ್ತುವ ಕೆಲವು ವಿವರಗಳನ್ನು ಬದಲಿಸಿದ್ದೇನೆ. ದೇವರನ್ನು ‘ತಂದೆ’ ಎನ್ನಲು ಗಂಟಲು ಕಟ್ಟುವವರು ನಮ್ಮ ದೇವಾಲಯಗಳಲ್ಲಿ ಸಾಕಷ್ಟು ಮಂದಿ ಇದ್ದಾರೆ. ಅವರಿಗೆ ನಾವು ಅವಸರದಲ್ಲಿ ಕೊಡುವ ಉತ್ತರ ಎಷ್ಟೋ ಸಲ ಗಾಯದ ಮೇಲೆ ಬರೆ ಎಳೆದಂತಾಗುತ್ತದೆ. ಈ ಪ್ರಕರಣದಲ್ಲಿ ನಾನೂ ಒಮ್ಮೆ ಹಾಗೆ ಎಳೆದೆ. ಬರೆಯಲು ಅದೂ ಒಂದು ಕಾರಣ.

ಆಲೆಮನೆಯ ಕೈ

ತಲೆ ಎತ್ತದೆ ಕುಳಿತಿದ್ದ ಆ ಗಂಡನೇ ಈ ಪ್ರಕರಣದ ಮಗ, ವಯಸ್ಸು ನಲವತ್ತಮೂರು. ಮೈಸೂರಿನ ಹೊರವಲಯದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರು. ಹೆಂಡತಿ ಪ್ರೌಢಶಾಲೆಯ ಶಿಕ್ಷಕಿ, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟೆಂಟ್ ಸಭೆಗೆ ಸೇರಿದ ಮನೆತನದ ಹೆಣ್ಣುಮಗಳು. ಹನ್ನೊಂದು ವರ್ಷದ ಒಬ್ಬನೇ ಮಗ. ಮೂವರ ಈ ಮನೆಗೆ ಒಂದು ವರ್ಷದ ಹಿಂದೆ ನಾಲ್ಕನೆಯವರು ಬಂದಿದ್ದರು. ಅವರು ಆತನ ತಂದೆ, ಎಪ್ಪತ್ತಾರು ದಾಟಿದವರು. ಹೆಂಡತಿ ತೀರಿಹೋಗಿ ಹಳ್ಳಿಯಲ್ಲಿ ಒಬ್ಬರೇ ಇದ್ದಾಗ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ಹೋಗಿತ್ತು.

ಹಿರಿಯರದು ಶ್ರೀರಂಗಪಟ್ಟಣದ ಕಡೆಯ ಹಳ್ಳಿ. ಆ ಭಾಗದ ಕಥೋಲಿಕರದು ಹಳೆಯ ಸಮುದಾಯ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಿದವರು ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ. ಜನ ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆಯುತ್ತಿದ್ದರು. ಅಂಥ ನೆಲದ ಭಕ್ತಿ ಈ ಮನೆಯದು. ಊರಹಬ್ಬದ ಮೆರವಣಿಗೆಯಲ್ಲಿ ಶಿಲುಬೆ ಹಿಡಿದು ಮುಂದೆ ನಡೆಯುತ್ತಿದ್ದವರು ಈ ಹಿರಿಯರು. ಊರಿನಲ್ಲಿ ಅವರ ಮಾತಿಗೆ ಎದುರಿರಲಿಲ್ಲ.

ನಾಲೆ ನೀರಿನ ಗದ್ದೆ, ಕಬ್ಬು, ಒಂದು ಆಲೆಮನೆ. ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಕೆಳಗಿನ ಒಲೆಗೆ ಒಣಗಿದ ಸಿಪ್ಪೆಯನ್ನು ಎಡೆಬಿಡದೆ ನೂಕುತ್ತಿರಬೇಕು. ಶಾಲೆ ಬಿಟ್ಟು ಬಂದ ಮೇಲೆ ಮಗನಿಗೆ ಆ ಕೆಲಸ. ಹದ ನೋಡುವುದು ಮಾತ್ರ ಅಪ್ಪನೇ. ಕೈಯನ್ನು ತಣ್ಣೀರಿನಲ್ಲಿ ಅದ್ದಿ, ಕುದಿಯುವ ಪಾಕವನ್ನು ಬೆರಳ ತುದಿಯಿಂದ ಚಕ್ಕನೆ ತೆಗೆದು, ಮತ್ತೆ ನೀರಿಗೆ ಬಿಟ್ಟು, ಉಂಡೆ ಕಟ್ಟಿತೇ ಎಂದು ನೋಡುತ್ತಿದ್ದರಂತೆ.

“ಆ ಬೆರಳು ಒಮ್ಮೆಯೂ ಸುಟ್ಟದ್ದನ್ನು ನಾನು ಕಾಣೆ ಮೇಡಂ. ಅಷ್ಟು ನಾಜೂಕು. ಅದೇ ಕೈ...” ಎಂದು ಮಗ ಮಾತು ನಿಲ್ಲಿಸಿದರು. ಮುಂದಿನದು ಹೊರಬರಲು ಮೂರು ಭೇಟಿ ಬೇಕಾಯಿತು.

ಹನ್ನೆರಡನೆಯ ವಯಸ್ಸಿನಲ್ಲಿ ಒಂದು ರಾತ್ರಿ ಒಲೆಯ ಮುಂದೆ ತೂಕಡಿಸಿದ್ದರು. ಉರಿ ತಗ್ಗಿ ಪಾಕ ಕೆಟ್ಟಿತು. ಅಪ್ಪ ಕಬ್ಬಿನ ಜಲ್ಲೆಯಿಂದ, ಆಳುಗಳ ಎದುರಿನಲ್ಲಿ, ಜಲ್ಲೆ ಮುರಿಯುವವರೆಗೆ ಹೊಡೆದರು. ಆ ರಾತ್ರಿ ಹುಡುಗ ಮನೆಗೆ ಹೋಗಲಿಲ್ಲ. ದೇವಾಲಯದ ಜಗಲಿಯಲ್ಲಿ ಮಲಗಿದ. ಆದರೆ ನನಗೆ ಹೆಚ್ಚು ಮುಖ್ಯವೆನಿಸಿದ್ದು ಇನ್ನೊಂದು ಸಂಗತಿ. ಆತ ಅದನ್ನು ಹೆಚ್ಚಿನದೇನಲ್ಲ ಎಂಬಂತೆ ಹೇಳಿದರು. ಪ್ರತಿ ಸಂಜೆ ಮನೆಯಲ್ಲಿ ಜಪಸರ, ಮಣಿ ಎಣಿಸುತ್ತ ಹೇಳುವ ಪ್ರಾರ್ಥನೆ. ಅಪ್ಪ ಮುಂದೆ, ಮಕ್ಕಳು ಸಾಲಾಗಿ ಹಿಂದೆ, ಮೊಣಕಾಲೂರಿ. ದಿನವಿಡೀ ದುಡಿದ ಮಕ್ಕಳಿಗೆ ಕಣ್ಣು ಎಳೆಯುವುದು ಸಹಜ. ಯಾರಾದರೂ ತೂಕಡಿಸಿದರೆ ಅಪ್ಪ ಪ್ರಾರ್ಥನೆ ನಿಲ್ಲಿಸುತ್ತಿರಲಿಲ್ಲ. ‘ನಮ್ಮ ತಂದೆಯೇ’ ಎನ್ನುತ್ತಲೇ ತಿರುಗಿ ನೆತ್ತಿಗೆ ಒಂದು ಕೊಟ್ಟು, ಮುಂದಿನ ಪದಕ್ಕೆ ಹೋಗುತ್ತಿದ್ದರು.

ಆ ಎರಡು ಪದಗಳ ಜೊತೆಗೆ ನೆತ್ತಿಯ ಮೇಲೆ ಪೆಟ್ಟು ಬೀಳುತ್ತಿತ್ತು. ವರ್ಷಗಟ್ಟಲೆ. ಬಾಯಿ ಮುಚ್ಚಿದ್ದರಲ್ಲಿ ಅಶ್ರದ್ಧೆ ಎಲ್ಲಿಂದ ಬರಬೇಕು? ಮೈ ಹೆದರಿಕೊಂಡಿತ್ತು.

ಇಷ್ಟಾದರೂ ಅವರು ನನ್ನಲ್ಲಿಗೆ ಬಂದದ್ದು ಅಪ್ಪನ ವಿಷಯಕ್ಕಲ್ಲ. ಒಂದು ಬೆಳಗ್ಗೆ ಹುಡುಗ ತಾತನ ಹಾಸಿಗೆಯ ಮೇಲೆ ರಾಗಿ ಅಂಬಲಿಯ ಬಟ್ಟಲು ಚೆಲ್ಲಿದ. ಇವರು ಕೈ ಎತ್ತಿದರು. ಹುಡುಗ ಎಡ ಮೊಣಕೈಯನ್ನು ಕಿವಿಯ ಮೇಲಕ್ಕೆ ತಂದು, ಗಲ್ಲವನ್ನು ಎದೆಗೆ ಒತ್ತಿಕೊಂಡು ಮುದುಡಿದ. “ಅದು ನನ್ನ ಮೊಣಕೈ ಮೇಡಂ. ನಾನು ಹಾಗೇ ಮಾಡುತ್ತಿದ್ದೆ. ಅವನಿಗೆ ಯಾರೂ ಕಲಿಸಿಲ್ಲ” ಎಂದರು. ಯಾರೂ ಕಲಿಸದೆ ಅದು ಬರುವುದಿಲ್ಲ. ತಂದೆ ಮನೆಗೆ ಬಂದ ಆ ಒಂದು ವರ್ಷದಲ್ಲಿ ನಾಲ್ಕೈದು ಸಲ ಮಗನ ಮೇಲೆ ಕೈ ಮಾಡಿದ್ದೆನೆಂದು ಅವರೇ ಒಪ್ಪಿಕೊಂಡರು. ಅದಕ್ಕೆ ಮೊದಲು ಒಮ್ಮೆಯೂ ಮಾಡಿದ್ದಿಲ್ಲ.

ತಂದೆಯ ಚಾಕರಿಯಲ್ಲಿ ಮಾತ್ರ ಲೋಪವಿರಲಿಲ್ಲ. ಸ್ನಾನ, ಊಟ, ಬಟ್ಟೆ ಬದಲಿಸುವುದು, ಮಗ್ಗುಲು ಹೊರಳಿಸುವುದು, ಎಲ್ಲವನ್ನೂ ತಾವೇ ಮಾಡುತ್ತಿದ್ದರು, ಹೊತ್ತಿಗೆ ಸರಿಯಾಗಿ. ಆದರೆ ಒಂದು ವರ್ಷದಲ್ಲಿ ತಂದೆಯೊಡನೆ ಒಂದು ಮಾತೂ ಆಡಿರಲಿಲ್ಲ. ಮಾತು ಕಳೆದುಕೊಂಡ ತಂದೆ, ಮಾತು ಬಿಟ್ಟ ಮಗ. ನಡುವೆ ಹಬೆಯಾಡುವ ಅಂಬಲಿ ಬಟ್ಟಲು. ಆ ಮನೆಗೆ ಮೊದಲ ಸಲ ಹೋದಾಗ ನಾನು ಕಂಡದ್ದು ಇದು.

ನಾನು ಮಾಡಿದ ತಪ್ಪು

ಮೊದಲು ಮಗುವಿನ ಸುರಕ್ಷತೆ. ಇದರಲ್ಲಿ ನಾನು ಯಾರೊಡನೆಯೂ ರಾಜಿ ಮಾಡಿಕೊಳ್ಳುವುದಿಲ್ಲ. ಸಿಟ್ಟು ಏರುವುದು ಗೊತ್ತಾದ ಕ್ಷಣ ಕೋಣೆ ಬಿಟ್ಟು ಹೊರಗೆ ಹೋಗಬೇಕು. ಹೋಗದಿದ್ದರೆ ಹೆಂಡತಿ ಹುಡುಗನನ್ನು ಕರೆದುಕೊಂಡು ತವರಿಗೆ ಹೋಗುತ್ತಾರೆ. ಹುಡುಗನಿಗೆ ಮಕ್ಕಳ ಸಹಾಯವಾಣಿ 1098ರ ಸಂಖ್ಯೆ ಬಾಯಿಪಾಠವಾಗಿರಬೇಕು. ಮೂರನೆಯ ಷರತ್ತು ಕೇಳಿ ಅವರ ಮುಖ ಬಿಳಿಚಿತು. ಆದರೂ ಅಂದು ರಾತ್ರಿ ಆ ಸಂಖ್ಯೆಯನ್ನು ಮಗನಿಗೆ ಹೇಳಿಕೊಟ್ಟವರು ಅವರೇ. ಈ ಮನೆ ಗುಣವಾಗಬಹುದು ಎಂದು ನನಗೆ ಧೈರ್ಯ ಬಂದದ್ದು ಅಂದು.

ಆ ಧೈರ್ಯದಲ್ಲೇ ನಾನು ಎಡವಿದೆ. ಮುಂದಿನ ಭೇಟಿಯಲ್ಲಿ ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯ ತೆರೆದು, ಮನೆ ಬಿಟ್ಟು ಹೋದ ಕಿರಿಯ ಮಗನ ಸಾಮತಿಯನ್ನು, ಎಂದರೆ ಯೇಸು ಹೇಳಿದ ದೃಷ್ಟಾಂತ ಕಥೆಯನ್ನು, ಓದಿದೆ. ದೂರದಲ್ಲಿ ಬರುತ್ತಿದ್ದ ಮಗನನ್ನು ಕಂಡು ತಂದೆ ಓಡಿಹೋಗಿ ಅಪ್ಪಿಕೊಳ್ಳುವ ಭಾಗ ಬಂದಾಗ ನನ್ನ ದನಿಯೇ ತುಂಬಿ ಬಂತು. ಓದಿ ಮುಗಿಸಿ ತಲೆ ಎತ್ತಿದರೆ ಅವರ ಮುಖ ಕಲ್ಲಾಗಿತ್ತು.

“ಈ ಕಥೆಯಲ್ಲಿ ತಪ್ಪು ಮಾಡಿದವನು ಮಗ, ಕ್ಷಮಿಸಿದವರು ಅಪ್ಪ. ನಮ್ಮ ಮನೆಯಲ್ಲಿ ತಪ್ಪು ಮಾಡಿದವರು ಅಪ್ಪ. ಹಾಗಾದರೆ ನಾನು ಯಾರು ಮೇಡಂ ಇದರಲ್ಲಿ? ನಾನೇ ಓಡಿಹೋಗಿ ಅಪ್ಪಿಕೊಳ್ಳಬೇಕೇ?”

ನನ್ನಲ್ಲಿ ಉತ್ತರವಿರಲಿಲ್ಲ. ಆ ಸಾಮತಿ ಸುವಾರ್ತೆಯ ಹೃದಯವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಕೈಯಲ್ಲಿ ಔಷಧವಿದೆಯೆಂದು ಯಾರಿಗೆ ಎಷ್ಟು ಹೊತ್ತಿಗೆ ಎಂಬುದನ್ನು ನೋಡದೆ ಕೊಡುವವರು ವೈದ್ಯರಲ್ಲ. ಪೆಟ್ಟು ತಿಂದವನ ಮುಂದೆ ಕ್ಷಮೆಯ ಕಥೆಯನ್ನು ಮೊದಲು ಇಟ್ಟರೆ, ತಪ್ಪೆಲ್ಲ ತನ್ನದೇ ಎಂದು ಕೇಳಿಸುತ್ತದೆ. ಬಂಧುಗಳು ಆಗಲೇ ಅದನ್ನು ಹೇಳಿ ಮುಗಿಸಿದ್ದರು: ‘ತಂದೆತಾಯಿಯನ್ನು ಗೌರವಿಸು ಎಂದು ದೇವರ ಕಟ್ಟಳೆಯೇ ಇದೆ, ಒಂದು ಮಾತಾಡಿದರೆ ನಿನ್ನ ಗಂಟೇನು ಹೋಗುತ್ತದೆ?’ ಕಟ್ಟಳೆ ಇದೆ, ನಿಜ. ಎಫೆಸದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಸಂತ ಪೌಲ ಆ ಕಟ್ಟಳೆಯನ್ನು ನೆನಪಿಸುತ್ತಾನೆ. ಎರಡೇ ಸಾಲು ದಾಟಿದರೆ, ತಂದೆಯರೇ, ನಿಮ್ಮ ಮಕ್ಕಳನ್ನು ಕೆರಳಿಸಬೇಡಿ ಎಂದೂ ಹೇಳುತ್ತಾನೆ. ಕೊಲೊಸ್ಸೆಯವರಿಗೆ ಬರೆದಾಗ ಕಾರಣವನ್ನೂ ಸೇರಿಸುತ್ತಾನೆ: ಅವರು ಎದೆಗುಂದಿಯಾರು. ಮೊದಲ ಸಾಲನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ಎರಡನೆಯದನ್ನು ಯಾವ ಮದುವೆಮನೆಯಲ್ಲೂ ಯಾವ ಸಾವಿನ ಮನೆಯಲ್ಲೂ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಮುಂದಿನ ಭೇಟಿಯಲ್ಲಿ ನಾನು ಕ್ಷಮೆ ಕೇಳಿದೆ. ಅವರಿಗೆ ಆಶ್ಚರ್ಯವಾಯಿತು. ತಮಗಿಂತ ಹಿರಿಯರೊಬ್ಬರು ‘ನನ್ನದು ತಪ್ಪಾಯಿತು’ ಎಂದು ಎದುರಿಗೇ ಹೇಳಿದ್ದನ್ನು ಹಿಂದೆಂದೂ ಕೇಳಿರಲಿಲ್ಲವಂತೆ.

ಶಾಪದ ಮಾತು

ಈ ನಡುವೆ ಆತನ ಅಕ್ಕ ಮನೆಯವರನ್ನೆಲ್ಲ ಒಂದು ಪ್ರಾರ್ಥನಾಕೂಟಕ್ಕೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬರು ಇವರ ತಲೆಯ ಮೇಲೆ ಕೈಯಿಟ್ಟು, ಇದು ವಂಶಶಾಪ, ಮುತ್ತಾತನ ಕಾಲದಿಂದ ಗಂಡುಮಕ್ಕಳಿಗೆ ಇಳಿದು ಬರುತ್ತಿದೆ ಎಂದರಂತೆ. ಅಕ್ಕನಿಗೆ ಸಮಾಧಾನವಾಯಿತು, ಯಾರದೂ ತಪ್ಪಲ್ಲ ಎಂದ ಹಾಗಾಯಿತಲ್ಲ. ಆದರೆ ಹುಡುಗ ಅದನ್ನು ಕೇಳಿಸಿಕೊಂಡಿದ್ದ. ಎರಡು ರಾತ್ರಿ ನಿದ್ದೆ ಮಾಡದೆ ಮೂರನೆಯ ರಾತ್ರಿ ತಾಯಿಯನ್ನು ಕೇಳಿದ: “ಅಮ್ಮ, ನಾನು ದೊಡ್ಡವನಾದ ಮೇಲೆ ನನಗೂ ಬರುತ್ತದೆಯೇ?”

ಅಕ್ಕನ ಮೇಲೆ ನನಗೆ ಬೇಸರವಿಲ್ಲ. ಅವರೂ ಅದೇ ಕೈಯ ಕೆಳಗೆ ಬೆಳೆದವರು. ಆ ಮಾತಿನ ಮೇಲೆ ಮಾತ್ರ ಸಿಟ್ಟು ಬಂತು, ಈಗಲೂ ಇದೆ. ಬೈಬಲಿನ ಪ್ರವಾದಿ ಎಜೆಕಿಯೇಲನ ಗ್ರಂಥದ ಹದಿನೆಂಟನೆಯ ಅಧ್ಯಾಯ ಇಂಥದ್ದೇ ಒಂದು ಗಾದೆಯನ್ನು ಎತ್ತಿಕೊಂಡು ಶುರುವಾಗುತ್ತದೆ. ಹೆತ್ತವರು ಹುಳಿದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿಯುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಇನ್ನು ಮುಂದೆ ಆ ಗಾದೆ ನಿಮ್ಮ ಬಾಯಲ್ಲಿ ಬರಕೂಡದು ಎನ್ನುತ್ತಾನೆ ದೇವರು. ತಂದೆಯ ದೋಷವನ್ನು ಮಗ ಹೊರುವುದಿಲ್ಲ, ಮಗನ ದೋಷವನ್ನು ತಂದೆ ಹೊರುವುದಿಲ್ಲ. 2024ರ ಕೊನೆಯಲ್ಲಿ ಸ್ಪೇನ್ ದೇಶದ ಬಿಷಪರ ಧರ್ಮತತ್ವ ಆಯೋಗವೂ ಇಂಥ ವಂಶಶುದ್ಧಿಯ ಪ್ರಾರ್ಥನೆಗಳ ವಿರುದ್ಧ ಎಚ್ಚರಿಸಿತು. ಪಾಪ ಯಾವಾಗಲೂ ಅದನ್ನು ಮಾಡಿದ ವ್ಯಕ್ತಿಯದು, ಅದು ರಕ್ತದಲ್ಲಿ ಹರಿದು ಬರುವುದಿಲ್ಲ ಎಂಬುದು ಅದರ ತಿರುಳು.

ರಕ್ತದಲ್ಲಿ ಹರಿಯದಿದ್ದರೂ ಮನೆಯಲ್ಲಿ ಹರಿಯುತ್ತದೆ. ಅದನ್ನು ಒಪ್ಪದೆ ವಿಧಿಯಿಲ್ಲ. ಬದುಕಿರುವ ಒಬ್ಬ ಸೋದರತ್ತೆಯನ್ನು ಹಳ್ಳಿಯಲ್ಲಿ ಭೇಟಿಯಾದೆ. ಈ ಹಿರಿಯರಿಗೆ ಐದು ವರ್ಷವಿದ್ದಾಗ ತಾಯಿ ತೀರಿಹೋದದ್ದು, ಅಪ್ಪನ ಹೊಡೆತಕ್ಕೆ ಹೆದರಿ ದನದ ಕೊಟ್ಟಿಗೆಯಲ್ಲಿ ಹಸುವಿನ ಮಗ್ಗುಲಲ್ಲಿ ಮಲಗುತ್ತಿದ್ದದ್ದು, ಎಲ್ಲವನ್ನೂ ಅವರು ಹೇಳಿದರು. “ಹಸು ಒದೆಯುತ್ತಿರಲಿಲ್ಲವೇ?” ಎಂದು ಕೇಳಿದೆ. “ಅದು ಒದೆಯುತ್ತಿರಲಿಲ್ಲ ಕಣಮ್ಮ, ಅದಕ್ಕೇ ಅಲ್ಲಿ ಮಲಗುತ್ತಿದ್ದ” ಎಂದರು.

ಹೊಡೆತವನ್ನು ಆ ಮನೆಯ ಗಂಡಸರು ಕಲಿತರು. ಕಲಿತದ್ದನ್ನು ಬಿಡಲು ಬರುತ್ತದೆ. ಶಾಪವೆಂದರೆ ಬಿಡುವುದು ನಮ್ಮ ಕೈಯಲ್ಲಿಲ್ಲ ಎಂದಾಯಿತು. ಹುಡುಗನಿಗೆ ಇದನ್ನು ಅವನ ಮಟ್ಟಕ್ಕೆ ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ತಾಯಿಯೇ ಹೇಳಿದ್ದರು: “ಸೈಕಲ್ ನಿನಗೆ ಹುಟ್ಟುತ್ತಲೇ ಬಂತೇ? ಕಲಿತೆ ತಾನೇ? ಹೊಡೆಯುವುದೂ ಹಾಗೇ. ನೀನು ಅದನ್ನು ಕಲಿಯುವುದಿಲ್ಲ, ಅಪ್ಪ ಅದನ್ನು ಮರೆಯುತ್ತಾರೆ.”

ಅಬ್ಬಾ, ಅಪ್ಪಾ, ಅಬ್ಬೆ

ಕೆಲಸ ನಿಜವಾಗಿ ಮುಂದೆ ಸಾಗಿದ್ದು ಒಂದು ಸಣ್ಣ ಸಂಗತಿಯಿಂದ. ಅವರ ಹಳ್ಳಿಯ ಮಕ್ಕಳೆಲ್ಲ ಅಪ್ಪನನ್ನು ‘ನೀನು’ ಎನ್ನುತ್ತಿದ್ದರು. ಇವರ ಮನೆಯಲ್ಲಿ ಮಾತ್ರ ‘ನೀವು’ ಎನ್ನಬೇಕಿತ್ತು, ತಪ್ಪಿದರೆ ಪೆಟ್ಟು. ಕಥೋಲಿಕರ ಕನ್ನಡ ಪ್ರಾರ್ಥನೆಗಳಲ್ಲಿ ದೇವರಿಗೂ ಬಹುವಚನ, ‘ನಿಮ್ಮ ನಾಮವು’ ಎಂದು. ಹೆಂಡತಿಯ ತವರಿನಲ್ಲಿ, ಪ್ರೊಟೆಸ್ಟೆಂಟರ ಹಳೆಯ ಬೈಬಲಿನಂತೆ, ‘ನಿನ್ನ ನಾಮವು’. ಆಕೆ ತನ್ನ ತಂದೆಯನ್ನೂ ‘ನೀನು’ ಎಂದೇ ಮಾತನಾಡಿಸುತ್ತಾರೆ. ಒಂದು ಸಂಜೆ ಇದನ್ನು ಹಾಗೇ ಮಾತಿಗೆ ಹೇಳಿದರು. ಗಂಡ ಬಹಳ ಹೊತ್ತು ಸುಮ್ಮನಿದ್ದು, “ನಿಮ್ಮ ಅಮ್ಮ ಪ್ರಾರ್ಥನೆ ಮಾಡುವುದನ್ನು ಕೇಳಿದಾಗಲೆಲ್ಲ ಯಾರೋ ಪಕ್ಕದಲ್ಲೇ ಕುಳಿತಿದ್ದಾರೇನೋ ಎನಿಸುತ್ತಿತ್ತು” ಎಂದರು.

ಗೌರವದ ಬಹುವಚನ ತಪ್ಪೆಂದು ನಾನು ಹೇಳುತ್ತಿಲ್ಲ. ನಾನು ಆ ಭಾಷೆಯಲ್ಲೇ ಪ್ರಾರ್ಥಿಸಿ ಬೆಳೆದವಳು. ಅದರಲ್ಲಿ ನನಗೆ ಅಕ್ಕರೆಯೇ ಕೇಳಿಸುತ್ತದೆ. ಆದರೆ ಇವರಿಗೆ ಆ ‘ನೀವು’ ಎಂಬುದರೊಳಗೆ ಜಲ್ಲೆ ಇತ್ತು. ಧರ್ಮಗುರುಗಳನ್ನು ಕೇಳಿದೆ. ಮನೆಯಲ್ಲಿ, ಏಕಾಂತದಲ್ಲಿ, ‘ನೀನು’ ಎಂದೇ ಮಾತನಾಡಲಿ, ಶರಣರೂ ದಾಸರೂ ದೇವರನ್ನು ಏಕವಚನದಲ್ಲಿ ಕರೆದ ನಾಡಲ್ಲವೇ ಇದು ಎಂದರು ಅವರು.

ಆಗ ಅವರಿಗೆ ‘ಅಬ್ಬಾ’ ಎಂಬ ಪದದ ಬಗ್ಗೆ ಹೇಳಿದೆ. ಯೇಸು ಮನೆಯಲ್ಲಿ ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಿ ತಂದೆಯನ್ನು ಕರೆಯುವ ಮಾತು ಅದು. ಎಳೆಯ ಮಕ್ಕಳು ಮಾತ್ರವಲ್ಲ, ಬೆಳೆದು ನಿಂತ ಮಕ್ಕಳೂ ಹಾಗೇ ಕರೆಯುತ್ತಿದ್ದರು. ಸುವಾರ್ತೆಗಳಲ್ಲಿ ಅದು ಒಂದೇ ಒಂದು ಕಡೆ, ಮಾರ್ಕನ ಹದಿನಾಲ್ಕನೆಯ ಅಧ್ಯಾಯದಲ್ಲಿ, ಹಾಗೇ ಉಳಿದುಕೊಂಡಿದೆ. ಸುಖದಲ್ಲಿ ಆಡಿದ ಮಾತಲ್ಲ. ಗೆತ್ಸೆಮನೆ ತೋಟದಲ್ಲಿ, ಸಾವಿನ ಹಿಂದಿನ ರಾತ್ರಿ, ಮೈ ನಡುಗುತ್ತಿದ್ದಾಗ ಆಡಿದ್ದು. ಗ್ರೀಕ್ ಭಾಷೆಯಲ್ಲಿ ಬರೆದವರು ಆ ಪದವನ್ನು ಹಾಗೇ ಇಟ್ಟುಕೊಂಡು, ಅದರ ಪಕ್ಕದಲ್ಲೇ ‘ತಂದೆಯೇ’ ಎಂಬ ಗ್ರೀಕ್ ಪದವನ್ನೂ ಬರೆದರು. ಕನ್ನಡದವರಿಗೆ ಅದನ್ನು ವಿವರಿಸುವ ಕಷ್ಟವೇ ಇಲ್ಲ. ಅಬ್ಬಾ ಎಂದರೆ ಅಪ್ಪಾ.

ಇನ್ನೂ ಒಂದನ್ನು ಹೇಳಿದೆ. ನಿಮ್ಮ ಕಡೆಯ ದುಬ್ವಾ ಸ್ವಾಮಿಗಳ ಹೆಸರಿನ ಮುಂದಿರುವ ‘ಅಬ್ಬೆ’ ಎಂಬ ಫ್ರೆಂಚ್ ಬಿರುದು ಈ ‘ಅಬ್ಬಾ’ದಿಂದಲೇ, ಲ್ಯಾಟಿನ್ ಹಾದು ಬಂದದ್ದು. ಅದರ ಅರ್ಥ ತಂದೆ. ಕನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ಭಾಷೆಗಳ ನಡುವಿನ ಆಕಸ್ಮಿಕವಷ್ಟೆ, ಇದರಲ್ಲಿ ದೈವಸಂಕೇತ ಹುಡುಕಬೇಕಿಲ್ಲ. ಆದರೆ ಅವರ ಮುಖದಲ್ಲಿ ಮೊದಲ ಸಲ ನಗು ಮೂಡಿದ್ದು ಇದನ್ನು ಕೇಳಿ. “ನಮ್ಮ ದೊಡ್ಡಸ್ವಾಮಿಗಳು ಅಪ್ಪನೂ ಹೌದು, ಅಮ್ಮನೂ ಹೌದು ಎಂದಾಯಿತು” ಎಂದರು.

ದೇವರ ವಿಷಯದಲ್ಲಿ ಧರ್ಮಸಭೆ ಹೇಳುವುದೂ ಇದಕ್ಕೆ ದೂರವಿಲ್ಲ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 239ನೇ ಪರಿಚ್ಛೇದವನ್ನು ನಾನು ಅವರಿಗೆ ಬಿಡಿಸಿ ಹೇಳಿದೆ. ದೇವರ ವಾತ್ಸಲ್ಯವನ್ನು ತಾಯ್ತನದ ರೂಪದಲ್ಲಿಯೂ ಹೇಳಬಹುದು; ಮನುಷ್ಯರಾದ ತಂದೆತಾಯಿಗಳು ತಪ್ಪು ಮಾಡುವವರು, ತಂದೆತನದ ಮತ್ತು ತಾಯ್ತನದ ಮುಖವನ್ನೇ ಅವರು ವಿರೂಪಗೊಳಿಸಬಲ್ಲರು; ದೇವರು ಗಂಡೂ ಅಲ್ಲ, ಹೆಣ್ಣೂ ಅಲ್ಲ; ಆತನಂತೆ ಯಾರೂ ತಂದೆಯಲ್ಲ. ‘ವಿರೂಪಗೊಳಿಸಬಲ್ಲರು’ ಎಂಬ ಮಾತನ್ನು ಅವರು ಎರಡು ಸಲ ಹೇಳಿಸಿಕೊಂಡರು. ನಿನಗಾದದ್ದು ನಿಜ ಎಂದು ಧರ್ಮಸಭೆಯೇ ಹೇಳಿದಂತೆ ಅವರಿಗೆ ಕೇಳಿಸಿತು.

ಅಲ್ಲಿಯವರೆಗೆ ಅವರ ಮನಸ್ಸಿನಲ್ಲಿ ದೇವರೆಂದರೆ ಅಪ್ಪನೇ, ಇನ್ನಷ್ಟು ದೊಡ್ಡ ಗಾತ್ರದಲ್ಲಿ, ಮುಗಿಲಿನಷ್ಟು ಉದ್ದದ ಕೈಯೊಂದಿಗೆ. ಅಪ್ಪನನ್ನು ಹಿಗ್ಗಿಸಿ ದೇವರನ್ನು ಮಾಡಿಕೊಂಡಾಗ ಆಗುವ ಅನಾಹುತ ಇದು. ಒಳ್ಳೆಯ ಅಪ್ಪ ಸಿಕ್ಕಿದವರಿಗೂ ಈ ಲೆಕ್ಕ ತಪ್ಪುತ್ತದೆ, ಅವರಿಗೆ ಅದು ಗೊತ್ತಾಗುವುದಿಲ್ಲ ಅಷ್ಟೆ.

ಯೆಶಾಯನ ನಲವತ್ತೊಂಬತ್ತನೆಯ ಅಧ್ಯಾಯವನ್ನೂ ಓದಿದೆವು: ಹೆತ್ತ ತಾಯಿ ಮೊಲೆಗೂಸನ್ನು ಮರೆತರೂ ನಾನು ನಿನ್ನನ್ನು ಮರೆಯೆನು. ತಾಯಿಯ ಮಾತು ಬಂದ ಕೂಡಲೆ ಅವರು ಅತ್ತರು. ಅವರ ತಾಯಿ ಮಂಗಳವಾರಗಳಂದು ಡೋರ್ನಹಳ್ಳಿಯ ಸಂತ ಅಂತೋಣಿಯವರ ದೇವಾಲಯಕ್ಕೆ ಇವರ ಕೈ ಹಿಡಿದು ಕರೆದೊಯ್ಯುತ್ತಿದ್ದರಂತೆ, ಬೆನ್ನಿನ ಬಾಸುಂಡೆಗೆ ದಾರಿಯಲ್ಲಿ ಎಣ್ಣೆ ಸವರುತ್ತ. “ಅಮ್ಮ ನನ್ನನ್ನು ಮರೆಯಲಿಲ್ಲ ಮೇಡಂ. ಆದರೆ ತಡೆಯಲೂ ಇಲ್ಲ.” ತಂದೆಯ ಮೇಲಿನ ಸಿಟ್ಟಿನ ಅಡಿಯಲ್ಲಿ ಈ ದುಃಖ ಮೂವತ್ತು ವರ್ಷ ಮಲಗಿತ್ತು. ಆ ಸಂಜೆ ನಾವು ಬೇರೇನನ್ನೂ ಮಾತನಾಡಲಿಲ್ಲ.

ಮುಂದಿನ ವಾರ ಬಂದಾಗ, ತಾವು ಒಬ್ಬರೇ ಮಾಡಿದ ಪ್ರಾರ್ಥನೆಯನ್ನು ಸಂಕೋಚದಿಂದ ಹೇಳಿದರು. ‘ನೀನು ಯಾರೆಂದು ನನಗೆ ಸರಿಯಾಗಿ ಗೊತ್ತಿಲ್ಲ. ನೀನು ಹೊಡೆಯುವುದಿಲ್ಲ ಎಂದು ಇವರೆಲ್ಲ ಹೇಳುತ್ತಾರೆ.’ ಅಷ್ಟೇ. ಅದಕ್ಕಿಂತ ಸತ್ಯವಾದ ಪ್ರಾರ್ಥನೆಯನ್ನು ನಾನು ಆ ಕೋಣೆಯಲ್ಲಿ ಕೇಳಿಲ್ಲ.

ತಾತನ ನಾಲಗೆ

ಹಿರಿಯರನ್ನು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯಲು ಒತ್ತಾಯಿಸಿದವರು ಸೊಸೆ. 1965ರಲ್ಲಿ ಆರಂಭವಾದ ಈ ಸಂಸ್ಥೆ ನಮ್ಮ ಊರಿನಲ್ಲೇ ಇದ್ದರೂ, ಲಕ್ವ ಹೊಡೆದು ಮಾತು ಹೋದವರಿಗೆ ಅಲ್ಲಿ ಚಿಕಿತ್ಸೆ ಇದೆಯೆಂಬುದು ಎಷ್ಟೋ ಮೈಸೂರಿನವರಿಗೇ ತಿಳಿದಿಲ್ಲ. ಮೆದುಳಿನ ಎಡಭಾಗಕ್ಕೆ ಪೆಟ್ಟಾದಾಗ ಬಲಗೈಯ ಜೊತೆಗೆ ಮಾತೂ ಹೋಗುವುದುಂಟು. ಇದನ್ನು ಅಫೇಸಿಯಾ ಎನ್ನುತ್ತಾರೆ. ಏನು ಹೇಳಬೇಕೆಂದು ಗೊತ್ತಿರುತ್ತದೆ, ಪದ ಸಿಗುವುದಿಲ್ಲ. ಆದರೆ ವಾರಗಳ ಹೆಸರು, ಎಣಿಕೆ, ಹಾಡು, ಬಾಯಿಪಾಠವಾದ ಪ್ರಾರ್ಥನೆ ಇವೆಲ್ಲ ಹಲವು ಸಲ ಉಳಿದುಕೊಂಡಿರುತ್ತವೆ. ಹೊಸದಾಗಿ ಒಂದು ವಾಕ್ಯ ಕಟ್ಟುವುದೂ ಹಳೆಯದನ್ನು ಸರಪಳಿಯಂತೆ ಹೊರಗೆಳೆಯುವುದೂ ಮೆದುಳಿಗೆ ಬೇರೆ ಬೇರೆ ಕೆಲಸ.

ಹಾಗಾಗಿ ಒಂದು ಸಂಜೆ ಮನೆಯಲ್ಲಿ ಅಭ್ಯಾಸ ಮಾಡಿಸುವಾಗ ಮೊಮ್ಮಗ ‘ಪರಲೋಕದಲ್ಲಿರುವ’ ಎಂದು ಶುರು ಮಾಡಿದ. ಸ್ವಂತ ಮಗನ ಹೆಸರನ್ನು ಹೇಳಲಾಗದ ಹಿರಿಯರು, ನೀರು ಬೇಕೆನ್ನಲೂ ಆಗದವರು, ‘ನಮ್ಮ ತಂದೆಯೇ’ ಎಂದು ಗಟ್ಟಿಯಾಗಿ ಹಿಡಿದುಕೊಂಡು ಮುಂದೆ ಸಾಗಿದರು. ಬಾಗಿಲ ಬಳಿ ಅಂಬಲಿ ಬಟ್ಟಲು ಹಿಡಿದು ನಿಂತಿದ್ದ ಮಗ ಅಲ್ಲಿಯೇ ನಿಂತರು. ಆ ಪದಗಳನ್ನು ಹೇಳಲಾಗದವರು ಇವರು. ಆ ಪದಗಳನ್ನಲ್ಲದೆ ಬೇರೇನನ್ನೂ ಹೇಳಲಾಗದವರು ಅವರು.

ಕ್ಷಮೆ ಕೇಳುವ ಸಾಲಿನಲ್ಲಿ ಹಿರಿಯರು ಸಿಕ್ಕಿಕೊಂಡರು. ‘ಕ್ಷಮಿಸಿ... ಕ್ಷಮಿಸಿ...’ ಎಂದು ಆರೇಳು ಸಲ ಹೇಳಿದರು. ಮುಂದಿನ ಪದ ಬರಲಿಲ್ಲ. ಸೊಸೆ ಅಳುತ್ತ ನನಗೆ ಫೋನ್ ಮಾಡಿದರು: ಮಾವ ಕ್ಷಮೆ ಕೇಳಿದರು ಎಂದು. ನನಗೂ ಹಾಗೇ ನಂಬಲು ಆಸೆಯಾಯಿತು. ಆದರೆ ಒಂದು ಪದದಲ್ಲಿ ಸಿಕ್ಕಿಕೊಂಡು ಅದನ್ನೇ ಮತ್ತೆ ಮತ್ತೆ ಹೇಳುವುದು ಈ ರೋಗದಲ್ಲಿ ಸಾಮಾನ್ಯವೆಂದು ಚಿಕಿತ್ಸಕಿ ಮೊದಲೇ ಹೇಳಿದ್ದರು. ಮಗ ನಮ್ಮಿಬ್ಬರಿಗಿಂತ ಸೂಕ್ಷ್ಮ. “ಅವರು ಹೇಳಿದ್ದು ‘ಕ್ಷಮಿಸಿ’ ಎಂದು. ನನಗೆ ಹೇಳುವುದಾದರೆ ‘ಕ್ಷಮಿಸು’ ಎನ್ನುತ್ತಿದ್ದರು. ಅದು ಪ್ರಾರ್ಥನೆಯ ಮಾತು, ನನಗಲ್ಲ.” ಸ್ವಲ್ಪ ಹೊತ್ತಿನ ಮೇಲೆ ಸೇರಿಸಿದರು: “ಕೇಳಬೇಕಾದ ಕಡೆ ಕೇಳಿದ್ದಾರೆ. ಅದು ಅವರಿಬ್ಬರ ನಡುವಿನದು.”

ಅಂದು ರಾತ್ರಿ ಅಂಬಲಿ ಕುಡಿಸುವಾಗ ಅವರು ತಂದೆಗೆ, “ಬಿಸಿ ಇದೆ, ನಿಧಾನ” ಎಂದರು. ಒಂದು ವರ್ಷ ಮೂರು ತಿಂಗಳ ನಂತರದ ಮೊದಲ ಮಾತು.

ಆ ಹೊತ್ತಿಗೆ ನಾನು ಲೂಕನ ಸುವಾರ್ತೆಯನ್ನು ಬದಿಗಿಟ್ಟು ಹೊಶೇಯನ ಹನ್ನೊಂದನೆಯ ಅಧ್ಯಾಯವನ್ನು ಅವರ ಕೈಗೆ ಕೊಟ್ಟಿದ್ದೆ. ಅಲ್ಲಿ ದೇವರು, ನಾನೇ ಎಫ್ರಾಯಿಮನಿಗೆ (ಇಸ್ರಯೇಲ್ ಜನರಿಗೆ) ನಡೆಯಲು ಕಲಿಸಿದೆ, ತೋಳುಗಳಲ್ಲಿ ಎತ್ತಿಕೊಂಡೆ, ಬಗ್ಗಿ ಉಣಿಸಿದೆ ಎನ್ನುತ್ತಾನೆ. ಆ ದಿನಗಳಲ್ಲಿ ಇವರು ತಂದೆಯ ಕಂಕುಳಿಗೆ ಕೈ ಕೊಟ್ಟು ಹಜಾರದಲ್ಲಿ ಹೆಜ್ಜೆ ಹಾಕಿಸುತ್ತಿದ್ದರು. ತಮಗೆ ಯಾರೂ ತೋರದ ತಂದೆತನವನ್ನು ತಾವೇ, ತಮ್ಮ ತಂದೆಗೆ, ದಿನವೂ ಮಾಡುತ್ತಿದ್ದೇನೆ ಎಂಬುದು ಅವರಿಗೆ ಓದುವಾಗ ಹೊಳೆಯಿತು. “ಇದು ನನಗೆ ಎಲ್ಲಿಂದ ಬಂತು ಮೇಡಂ? ಅಪ್ಪನಿಂದಲ್ಲ” ಎಂದು ಕೇಳಿದರು. ಹಾಗಾದರೆ ಎಲ್ಲಿಂದ ಎಂದು ನಾನು ಹೇಳಲಿಲ್ಲ. ಅವರೇ ಕಂಡುಕೊಳ್ಳಲಿ ಎಂದು ಬಿಟ್ಟೆ.

ಆದರೆ ಈ ಪ್ರಕರಣದಲ್ಲಿ ಗುಣವಾದದ್ದು ಏನು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನಲ್ಲ, ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಒಂದು ಶನಿವಾರ ನಡೆದದ್ದನ್ನು. ಅವರು ಮಗನನ್ನು ವರಾಂಡದಲ್ಲಿ ಎದುರು ಕೂರಿಸಿಕೊಂಡು, “ನಾನು ನಿನಗೆ ಹೊಡೆದದ್ದು ತಪ್ಪು. ನೀನು ಅಂಬಲಿ ಚೆಲ್ಲಿದ್ದು ತಪ್ಪಲ್ಲ. ನನ್ನನ್ನು ಕ್ಷಮಿಸು” ಎಂದರು. ನಾಲ್ಕು ವಾರ ಇದನ್ನು ನನ್ನೆದುರು ಅಭ್ಯಾಸ ಮಾಡಿದ್ದರು. ಮೊದಲ ವಾರದಲ್ಲಿ ‘ಆದರೆ ನೀನೂ ಸ್ವಲ್ಪ’ ಎಂಬ ಬಾಲವಿತ್ತು. ಅದನ್ನು ಕತ್ತರಿಸಲು ಎರಡು ವಾರ ಹಿಡಿಯಿತು. ಹುಡುಗ ಕೇಳಿಸಿಕೊಂಡು, ನೆಲ ನೋಡಿ, “ಸರಿ ಅಪ್ಪ. ಸೈಕಲ್ಲಿಗೆ ಗಾಳಿ ಹಾಕಿಸಬೇಕು, ಬರುತ್ತೀಯಾ?” ಎಂದ. ‘ಬರುತ್ತೀಯಾ’ ಎಂದ, ‘ಬರುತ್ತೀರಾ’ ಎನ್ನಲಿಲ್ಲ. ತಂದೆ ತಿದ್ದಲಿಲ್ಲ.

ಎಲ್ಲವೂ ನೇರಾಗಿಲ್ಲ. ಅಕ್ಕ ಇಂದಿಗೂ ಶಾಪವನ್ನೇ ನಂಬುತ್ತಾರೆ. ಊರಿನಲ್ಲಿರುವ ಅಣ್ಣ ಜಮೀನಿನ ತಕರಾರಿನಿಂದಾಗಿ ತಂದೆಯನ್ನು ನೋಡಲು ಬಂದಿಲ್ಲ. ಹುಡುಗನ ಮೊಣಕೈ ಕೆಲವೊಮ್ಮೆ ಈಗಲೂ ತಾನಾಗಿ ಮೇಲೇಳುತ್ತದೆ. ಅದು ಇಳಿಯಲು ವರ್ಷಗಳೇ ಬೇಕಾದಾವು ಎಂದು ತಂದೆಗೆ ಹೇಳಿದ್ದೇನೆ. ತಂದೆಯನ್ನು ಕ್ಷಮಿಸಿದ್ದೀರಾ ಎಂದು ನಾನು ಅವರನ್ನು ಒಮ್ಮೆಯೂ ಕೇಳಿಲ್ಲ. ಕೇಳಿದರೆ ಆ ಪ್ರಶ್ನೆ ಮತ್ತೆ ಒಂದು ಜಲ್ಲೆಯಾದೀತು.

ಪೂಜೆಯಲ್ಲಿ ಏನಾಗುತ್ತಿದೆ ಎಂದು ಹೆಂಡತಿ ಆಗಾಗ ತಿಳಿಸುತ್ತಾರೆ. ‘ಪರಲೋಕದಲ್ಲಿರುವ ನಮ್ಮ’ ಎನ್ನುವವರೆಗೆ ಈಗ ಎಲ್ಲ ಭಾನುವಾರವೂ ದನಿ ಕೇಳುತ್ತದಂತೆ. ಅದರ ಮುಂದಿನ ಪದ ಒಂದು ಭಾನುವಾರ ಬರುತ್ತದೆ, ಒಂದು ಭಾನುವಾರ ಬರುವುದಿಲ್ಲ. ಬಾರದ ದಿನ ಅವರ ಪಕ್ಕದಲ್ಲಿ ನಿಂತ ಹುಡುಗ ಅದನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತಾನೆ.